ಬೇಗ ಬಿಚ್ಚುವ ಚಪ್ಪಲಿ

ಜವರಪ್ಪನ ಬಲಗಾಲಿಗೆ ಮೊಳೆ ಚುಚ್ಚಲು ಶುರುವಾಗಿ ಎರಡು ದಿನ ಕಳೆದಿದ್ದರೂ ಅವನಿಗೆ ಅದರ ಸುಳಿವೇ ಇರಲಿಲ್ಲ. ಎಲ್ಲೋ ದಾರಿಯಲ್ಲಿ ಹವಾಯಿ ಚಪ್ಪಲಿಯ ತಳಕ್ಕೆ ಹೊಕ್ಕ ಮೊಳೆ. ಚಪ್ಪಲಿ ಮೆಟ್ಟಿದಾಗಲೆಲ್ಲ ಅಂಗಾಲಿನ ಒಳಗೆ ಹೋಗುತ್ತಿತ್ತು, ಬಿಟ್ಟಾಗಲೆಲ್ಲ ಹೊರಗೆ ಬರುತ್ತಿತ್ತು. ಹೀಗೆ ಎಷ್ಟು ಸಲ ಆಯಿತೋ ದೇವರಿಗೇ ಗೊತ್ತು. ಕೊನೆಗೆ ನಡುಮನೆಯ ಸಿಮೆಂಟು ನೆಲದ ಮೇಲೆ ಒಂದರ ಹಿಂದೊಂದು ಕಂದು ಕಲೆ ಕಂಡು, ಅವನ ಹೆಂಡತಿ ಮುತ್ತಮ್ಮ ಕಾಲೆತ್ತಿಸಿ ನೋಡಿ ಕೂಗಿಕೊಂಡಾಗಲೇ ಮನೆಯವರಿಗೆ ವಿಷಯ ತಿಳಿದದ್ದು.

"ನೋವೇ ಇಲ್ವಲ್ಲೇ, ಯಾಕಂಗ್ ಬಡ್ಕತೀಯ?" ಅಂದ ಜವರಪ್ಪ. ನೋವಿಲ್ಲ ಅನ್ನುವುದೇ ದೊಡ್ಡ ರೋಗ ಅಂತ ಅವನಿಗೆ ಯಾರು ಹೇಳಬೇಕು?

ಹೇಳುವುದಕ್ಕೆ ಮಗಳಿದ್ದಳು. ಲತಾಮಣಿ ಬೇಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾಗಿ ಆರು ವರ್ಷವಾಗಿದ್ದರೂ ಹಗರೆ ಕಡೆಯ ತಮ್ಮ ಊರಲ್ಲೇ, ಅಪ್ಪನ ಮನೆಗೆ ಅಂಟಿಕೊಂಡ ಹಾಗೆ ಎರಡು ಕೋಣೆ ಕಟ್ಟಿಸಿಕೊಂಡು ಇದ್ದಳು. ಗಂಡ ದೇವರಾಜ್ ಅರಸೀಕೆರೆ ಡಿಪೊದ ಕಂಡಕ್ಟರ್, ಮನೆಯಲ್ಲಿರುವುದಕ್ಕಿಂತ ಬಸ್ಸಿನಲ್ಲಿರುವುದೇ ಹೆಚ್ಚು. ಲತಾಮಣಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವಳು ಯಾರಿಗೂ "ನಾಳೆ ಬನ್ನಿ" ಅಂದವಳಲ್ಲ, ಅವಳಿಗೆ ಯಾರಾದರೂ "ನಾಳೆ ಬನ್ನಿ" ಅಂದರೆ ಅವರ ಗ್ರಹಚಾರ ಬಿಡಿಸದೆ ಬಿಟ್ಟವಳೂ ಅಲ್ಲ. ಮರುದಿನ ಬೆಳಿಗ್ಗೆ ಆ ಮೊಳೆಯನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು, ಅಪ್ಪನನ್ನು ದಾರಿಯುದ್ದಕ್ಕೂ ಬೈಯುತ್ತಲೇ ಬೇಲೂರಿಗೆ ಕರೆತಂದಳು.

ಡಾಕ್ಟರ್ ಕಾಂಚನಮಾಲಾ ಹಳೇಬೀಡಿನ ಜೈನರ ಮನೆಯವರು, ಬೇಲೂರಲ್ಲಿ ಸಣ್ಣದೊಂದು ಕ್ಲಿನಿಕ್ ಇಟ್ಟಿದ್ದರು. ಗಾಯ ತೊಳೆದು ಕಟ್ಟಿದ ಮೇಲೆ, ಜವರಪ್ಪನ ಕಣ್ಣು ಮುಚ್ಚಿಸಿ, ಬ್ರಶ್ಶಿನ ಎಳೆಯಂಥ ನೈಲಾನ್ ದಾರದಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟುತ್ತ, "ಗೊತ್ತಾದಾಗ ಹೂಂ ಅನ್ನಿ" ಅಂದರು. ಜವರಪ್ಪ "ಹೂಂ" ಅಂದ. ಮತ್ತೆ "ಹೂಂ" ಅಂದ. ಡಾಕ್ಟರು ದಾರವನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತರೂ ಅವನು ಬಿಡದೆ "ಹೂಂ, ಹೂಂ, ಗೊತ್ತಾಯ್ತದೆ ತಾಯಿ" ಅನ್ನುತ್ತಲೇ ಇದ್ದ. ದೊಡ್ಡವರು ಕೇಳಿದ್ದಕ್ಕೆ ಇಲ್ಲ ಅನ್ನಬಾರದು ಅನ್ನುವುದು ಅವನು ಅರವತ್ತೈದು ವರ್ಷ ಕಲಿತ ಪಾಠ. ಲತಾಮಣಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ನೋಡಿ ಲತಾಮಣಿ," ಅಂದರು ಡಾಕ್ಟರು, "ನಿಮ್ಮ ತಂದೆಯವರ ಪಾದಕ್ಕೆ ಸ್ಪರ್ಶವೇ ಇಲ್ಲ. ಸಕ್ಕರೆ ಕಾಯಿಲೆ ಹತ್ತು ವರ್ಷ ಹಿಡಿದು ನರಗಳನ್ನ ತಿಂದುಹಾಕಿದೆ. ಇನ್ನು ಮೇಲೆ ಅವರ ಕಾಲಿಗೆ ಚಪ್ಪಲಿಯೇ ಕಣ್ಣು, ಚಪ್ಪಲಿಯೇ ಚರ್ಮ. ಹೆಬ್ಬೆರಳ ಸಂದಿಗೆ ಬರೋ ಪಟ್ಟಿ ಬೇಡ, ಅಲ್ಲೇ ಗಾಯ ಶುರುವಾಗೋದು. ಹಿಮ್ಮಡಿಗೆ ಪಟ್ಟಿ ಇರಲೇಬೇಕು, ಇಲ್ಲದಿದ್ರೆ ಚಪ್ಪಲಿ ಜಾರಿಹೋಗಿದ್ದೂ ಇವರಿಗೆ ತಿಳಿಯಲ್ಲ. ಮುಂದೆ ಅಗಲ ಇರ್ಲಿ, ಒಳಗೆ ಮೆತ್ತಗಿರ್ಲಿ, ತಳ ಮಾತ್ರ ಗಟ್ಟಿ. ಸಾಯಂಕಾಲ ಹೋಗಿ ತಗೊಳ್ಳಿ, ಅಷ್ಟೊತ್ತಿಗೆ ಕಾಲು ಒಂಚೂರು ಊದಿರುತ್ತೆ."

"ಅಳತೆ ಸರಿಯಾಗಿದೆಯಾ ಅಂತ ಅಪ್ಪನ್ನ ಕೇಳಿದ್ರೆ?"

"ಕೇಳಲೇಬೇಡಿ, ಸರಿ ಇದೆ ಅಂತಲೇ ಹೇಳ್ತಾರೆ. ಈಗ ನೋಡಿದ್ರಲ್ಲ! ಕಾಗದದ ಮೇಲೆ ಪಾದ ಇಡಿಸಿ ಸುತ್ತ ಗೆರೆ ಎಳೀರಿ, ಆಮೇಲೆ ಅದರ ಮೇಲೆ ಚಪ್ಪಲಿ ಇಟ್ಟು ನೋಡಿ. ದಿನಾ ಹಾಕ್ಕೊಳ್ಳೋ ಮುಂಚೆ ಒಳಗೆ ಕೈಯಾಡಿಸಬೇಕು. ಮನೆ ಒಳಗೂ ಬರಿಗಾಲು ಬೇಡ." ಡಾಕ್ಟರು ಜವರಪ್ಪನಿಗೂ ಕೇಳಿಸಲಿ ಅಂತಲೇ ಹೇಳಿದರು: "ಈ ಗಾಯ ಮಾಯುತ್ತೆ. ಇನ್ನೊಂದು ಆದ್ರೆ ಬೆರಳಿನ ಮಾತಲ್ಲ, ಕಾಲಿನ ಮಾತು."

ಆವತ್ತೇ ಸಂಜೆ, ಕಚೇರಿ ಮುಗಿಸಿ, ಲತಾಮಣಿ ಅಪ್ಪನನ್ನು ಬಸ್ ಸ್ಟ್ಯಾಂಡಿನ ಹಿಂದಿರುವ ಪುಟ್ಟರಾಜುವಿನ ಚಪ್ಪಲಿ ಅಂಗಡಿಗೆ ಕರೆದೊಯ್ದಳು. ಪುಟ್ಟರಾಜು ಹೊಸದನ್ನೂ ಮಾರುತ್ತಿದ್ದ, ಹಳೆಯದನ್ನೂ ಹೊಲಿಯುತ್ತಿದ್ದ. ಹೇಳಿದ್ದನ್ನು ಕಿವಿಗೊಟ್ಟು ಕೇಳಿ, ಮೂರು ಜೊತೆ ಇಳಿಸಿ ಮುಂದಿಟ್ಟ. ಮೊದಲನೆಯದು ಒತ್ತಿದರೆ ಅಂಟುವ, ಎಳೆದರೆ ಬಿಚ್ಚುವ ಪಟ್ಟಿಯದು. ಮೆತ್ತಗಿತ್ತು, ಅಗಲವಾಗಿತ್ತು, ಕಾಗದದ ಗೆರೆಗೆ ಸರಿಯಾಗಿ ಕೂತಿತು. ಜವರಪ್ಪ ಒಂದು ಸಲ ಪಟ್ಟಿ ಎಳೆದ. ಅದು ಟರ್ ಅಂತ ಸದ್ದು ಮಾಡಿತು.

"ಇದು ಬ್ಯಾಡ. ಸದ್ದು ಮಾಡ್ತದೆ."

"ಸದ್ದು ಮಾಡಿದ್ರೆ ನಿಂಗೇನಪ್ಪ? ಕಳ್ಳತನಕ್ಕೆ ಹೋಗ್ತೀಯಾ?"

"ಬ್ಯಾಡ ಅಂದ್ರೆ ಬ್ಯಾಡ ಕಣವ್ವ."

ಎರಡನೆಯದು ಬೂಟು. ಅದನ್ನು ಮುಟ್ಟಿಯೂ ನೋಡಲಿಲ್ಲ. ಮೂರನೆಯದಕ್ಕೆ ಮುಂದೊಂದು ಹಿಂದೊಂದು ಬಕಲ್ಲು. ಹಾಕಿಕೊಂಡು ಎದ್ದು ನಿಂತ, ಎರಡು ಹೆಜ್ಜೆ ಹಾಕಿದ, ಮತ್ತೆ ಕೂತು ಬಗ್ಗಿ ಬಿಚ್ಚಿದ, ಹಾಕಿದ, ಬಿಚ್ಚಿದ. ಚಪ್ಪಲಿ ಕಾಲಿಗೆ ಹೇಗಿದೆ ಅಂತ ಒಂದು ಮಾತೂ ಕೇಳಲಿಲ್ಲ. ಅವನ ಗಮನವೆಲ್ಲ ಬಿಚ್ಚುವುದರ ಮೇಲೇ. "ಇದ್ಕಿಂತ ಬೇಗ ಬಿಚ್ಚೋದು ಇಲ್ವಾ ಸಾ?" ಅಂತ ಪುಟ್ಟರಾಜುವನ್ನು ಕೇಳಿದ. "ಹಿಂಗ್ ಅನ್ನದ್ರಾಗೆ ಕಳಚ್ಕಬೇಕು, ಅಂತದ್ದು."

"ಯಾಕಪ್ಪ ಅಷ್ಟು ಅವಸರ?"

"ಗುಡಿಗಿಡಿಗೆ ಹೋದ್ರೆ ಬೇಕಾಯ್ತದೆ."

ಮನೆಯಲ್ಲಿ ಬುದ್ಧನ ಪಟ ಹಾಕಿ ನಾಲ್ಕು ವರ್ಷವಾಗಿತ್ತು. ಅದಕ್ಕೂ ಮುಂಚೆ ಜವರಪ್ಪ ಯಾವ ಗುಡಿಯ ಒಳಗೂ ಹೋದವನಲ್ಲ, ಹೋಗಗೊಟ್ಟವರೂ ಇರಲಿಲ್ಲ. ಆ ಮಾತು ಕೇಳಿದ ಕೂಡಲೇ ಲತಾಮಣಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮುದುಕನ ಹಟ ಅಂದುಕೊಂಡಳು, ಸೋಮಾರಿತನ ಅಂದುಕೊಂಡಳು, ಆರೂಕಾಲರ ಬಸ್ಸು ತಪ್ಪುತ್ತದೆ ಅಂತ ಗಡಿಯಾರ ನೋಡಿಕೊಂಡಳು. "ಇದನ್ನೇ ಕಟ್ಟಿ" ಅಂತ ಬಕಲ್ಲಿನದನ್ನು ತೆಗೆದುಕೊಂಡು ಹೊರಟೇಬಿಟ್ಟಳು. ಇಷ್ಟೆಲ್ಲ ಬುದ್ಧಿವಂತೆ ಅನ್ನಿಸಿಕೊಂಡವಳು ತನ್ನ ಅಪ್ಪನ ಒಂದು ಮಾತಿನ ಹಿಂದೆ ಏನಿದೆ ಅಂತ ನೋಡಲಿಲ್ಲವಲ್ಲ ಅನ್ನುವ ಸಂಕಟ ಆಮೇಲೆ ಅವಳನ್ನು ಬಹಳ ದಿನ ಕಾಡಿತು.

ಹೊಸ ಚಪ್ಪಲಿ ಬಂದು ಎರಡು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು. ಮೊಳೆಯ ಗಾಯ ಮಾಯಿತು. ಬೆಳಿಗ್ಗೆ ಎದ್ದ ಕೂಡಲೇ ಜವರಪ್ಪ ಚಪ್ಪಲಿಯೊಳಗೆ ಕೈಯಾಡಿಸಿ, ಮಗಳಿಗೆ ಕಾಣುವ ಹಾಗೆ ಕೊಡವಿ, ಬಕಲ್ಲು ಹಾಕಿಕೊಳ್ಳುತ್ತಿದ್ದ. ಬಚ್ಚಲಿಗೂ ಹಾಕಿಕೊಂಡೇ ಹೋಗುತ್ತಿದ್ದ. "ನಮ್ಮಪ್ಪ ದಾರಿಗೆ ಬಂದ" ಅಂತ ಲತಾಮಣಿ ಕಚೇರಿಯಲ್ಲಿ ಹೇಳಿಕೊಂಡು ಮೆರೆದದ್ದೂ ಆಯಿತು. ಯುಗಾದಿಗೆ ಒಂದು ವಾರವಿದೆ ಅನ್ನುವಾಗ ಮುತ್ತಮ್ಮ ಮತ್ತೆ ಕೂಗಿದಳು. ಈ ಸಲ ಬಲಗಾಲಿನ ಅಂಗಾಲಲ್ಲಿ, ಬೆರಳುಗಳ ಬುಡದಲ್ಲಿ, ಕೋಳಿಮೊಟ್ಟೆಯಷ್ಟು ದೊಡ್ಡ ಬೊಬ್ಬೆ ಎದ್ದು ಒಡೆದಿತ್ತು.

ಡಾಕ್ಟರು ನೋಡಿದವರೇ, "ಇದು ಸುಟ್ಟಿರೋದು" ಅಂದರು. "ಬಿಸಿಯಾಗಿರೋದರ ಮೇಲೆ ಕಾಲಿಟ್ಟಿದ್ದಾರೆ. ಚಪ್ಪಲಿ ಹಾಕ್ಕೊಳ್ತಿದ್ದಾರಾ?"

"ಹಾಸಿಗೆ ಬಿಟ್ಟಾಗಿಂದ ಕಾಲಲ್ಲೇ ಇರ್ತದೆ ಮೇಡಂ."

"ಹಾಗಾದ್ರೆ ಇದು ಹೇಗಾಯ್ತು?"

ಜವರಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ಕೇಳಿದ್ದಕ್ಕೆಲ್ಲ "ನಂಗೊತ್ತಿಲ್ಲ ತಾಯಿ" ಅಂದ. ಡಾಕ್ಟರು ಕಟ್ಟು ಹಾಕಿ, ಹದಿನೈದು ದಿನ ನಡೆಯಲೇಬೇಡಿ ಅಂದರು.

ಹಾಗಿದ್ದರೆ ತಪ್ಪು ಚಪ್ಪಲಿಯದು! ಲತಾಮಣಿಯ ತಲೆ ಹಾಗೇ ಓಡಿತು. ಅಪ್ಪನನ್ನು ಬಸ್ಸು ಹತ್ತಿಸಿ, ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ನೇರ ಪುಟ್ಟರಾಜುವಿನ ಅಂಗಡಿಗೆ ನುಗ್ಗಿದಳು. ಮನೆಗೆ ಹೋಗುವುದಕ್ಕೆ ಅಪ್ಪನಿಗೆ ಡಾಕ್ಟರೇ ಒಂದು ಜೊತೆ ಮೆತ್ತನೆಯ ಚಪ್ಪಲಿ ಕೊಟ್ಟಿದ್ದರು.

"ಸುಡೋ ರಬ್ಬರು ಹಾಕಿ ಮಾರ್ತೀರೇನ್ರೀ? ಕಾಯಿಲೆಯವರಿಗೆ ಅಂತ ಬಾಯಿಬಿಟ್ಟು ಹೇಳಿ ತಗೊಂಡಿದ್ದೀನಿ. ನಮ್ಮಪ್ಪನ ಕಾಲು ಬೆಂದು ಬದನೆಕಾಯಿ ಆಗಿದೆ. ಯಾರು ಜವಾಬ್ದಾರಿ?" ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತಮ್ಮ ಕೈಯಲ್ಲಿದ್ದುದನ್ನು ಮೆಲ್ಲಗೆ ಕೆಳಗಿಟ್ಟರು.

ಪುಟ್ಟರಾಜು ಪುಣ್ಯಾತ್ಮ, ತಿರುಗಿ ಕೂಗಾಡಲಿಲ್ಲ. ಚಪ್ಪಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ತಳ ನೋಡಿ ಮೇಡಂ. ಬೆರಳು ದಪ್ಪ ಇದೆ. ಬೆಂಕಿ ಮೇಲೆ ನಿಂತ್ರೂ ಇದನ್ನ ದಾಟಿ ಬಿಸಿ ಒಳಗೆ ಬರಲ್ಲ. ಸವೆದೂ ಇಲ್ಲ." ಆಮೇಲೆ ಪಟ್ಟಿಯನ್ನು ಹೆಬ್ಬೆರಳಲ್ಲಿ ಎತ್ತಿ ತೋರಿಸಿದ. "ಇಲ್ಲಿ ನೋಡಿ. ಬಕಲ್ಲಿನ ತೂತು ಕಿತ್ತು ಅಗಲ ಆಗಿದೆ. ಬೆಳಿಗ್ಗೆ ಹಾಕಿ ರಾತ್ರಿ ಬಿಚ್ಚೋರ ಚಪ್ಪಲಿ ಹಿಂಗಾಗೋಕೆ ನಾಲ್ಕೈದು ವರ್ಷ ಬೇಕು. ನಿಮ್ಮಪ್ಪ ದಿನಕ್ಕೆ ಎಷ್ಟು ಸಲ ಇದನ್ನ ಬಿಚ್ಚಿ ಹಾಕ್ತಾರೆ?"

ಲತಾಮಣಿ ಚಪ್ಪಲಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ತಪ್ಪಾಯಿತು ಅಂತ ಕೂಡ ಹೇಳದೆ ಅಂಗಡಿಯಿಂದ ಇಳಿದಳು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದಳು. ಅವಳು ದಿನಾ ಇಳಿಯುವುದು ಕೆರೆ ಏರಿಯ ಹತ್ತಿರ. ಅಲ್ಲಿಂದ ಏರಿಯ ಮೇಲೆ ನಡೆದರೆ ಐದು ನಿಮಿಷಕ್ಕೆ ಅವರ ಕೇರಿ. ಊರೊಳಗಿನ ಮೇಲುಬೀದಿಯಲ್ಲಿ ಅವಳು ಓಡಾಡಿ ವರ್ಷಗಳೇ ಆಗಿದ್ದವು. ಆವತ್ತು ಬೇಕೆಂದೇ ಮುಂದಿನ ನಿಲ್ದಾಣದಲ್ಲಿ ಇಳಿದು, ಮೇಲುಬೀದಿಯ ತಿರುವಿನ ಹಿಟ್ಟಿನ ಗಿರಣಿಯ ನೆರಳಲ್ಲಿ ನಿಂತಳು. ಅಪ್ಪ ಬೆಳಿಗ್ಗೆ ಸಂಜೆ ಹಾಲು ಹಾಕಲು ಡೈರಿಗೆ ಬರುವುದು ಇದೇ ಬೀದಿಯಲ್ಲಿ. ಕಾಲಿಗೆ ಕಟ್ಟು ಹಾಕಿರುವಾಗ ಬರಬೇಡ, ಅವ್ವ ಹೋಗ್ತಾಳೆ ಅಂತ ಸಾರಿ ಸಾರಿ ಹೇಳಿದ್ದಳು. ನಾಲ್ಕು ಗಂಟೆ ದಾಟುತ್ತಲೂ ಹಾಲಿನ ಕ್ಯಾನು ಹಿಡಿದು, ಕಟ್ಟು ಹಾಕಿದ ಕಾಲನ್ನೂ ಬಕಲ್ಲಿನ ಚಪ್ಪಲಿಗೆ ತುರುಕಿಕೊಂಡು, ಅಪ್ಪ ಬಂದೇ ಬಂದ.

ಹೊಂಗೆ ಮರದ ಹತ್ತಿರ ನಿಂತ. ಕ್ಯಾನು ಕೆಳಗಿಟ್ಟ. ಮರಕ್ಕೆ ಒಂದು ಕೈಕೊಟ್ಟು, ಮಂಡಿ ಬಗ್ಗದ ಕಾಲನ್ನು ಹೇಗೋ ಬಗ್ಗಿಸಿ, ಒಂದೊಂದೇ ಬಕಲ್ಲು ಬಿಚ್ಚಿದ. ಚಪ್ಪಲಿ ಎರಡನ್ನೂ ಎಡಗೈಯಲ್ಲಿ ಬೆನ್ನ ಹಿಂದೆ ಹಿಡಿದುಕೊಂಡ, ಬಲಗೈಯಲ್ಲಿ ಕ್ಯಾನು ಎತ್ತಿಕೊಂಡ, ತಲೆ ತಗ್ಗಿಸಿ ಟಾರಿನ ಮೇಲೆ ಹೆಜ್ಜೆ ಇಟ್ಟ. ಬೇಸಿಗೆಯ ಬಿಸಿಲಿಗೆ ಟಾರು ಮೆತ್ತಗಾಗಿ ಮಿರಮಿರ ಮಿನುಗುತ್ತಿತ್ತು. ಎಪ್ಪತ್ತು ಹೆಜ್ಜೆ. ಲತಾಮಣಿ ಒಂದೊಂದನ್ನೂ ಎಣಿಸಿದಳು. ಡೈರಿಯ ಗೋಡೆ ಬಂದ ಮೇಲೆ ಮತ್ತೆ ಕೂತು, ಮತ್ತೆ ಬಕಲ್ಲು ಹಾಕಿಕೊಂಡ.

ಆ ಎಪ್ಪತ್ತು ಹೆಜ್ಜೆಯ ನಡುವೆ ಇದ್ದದ್ದು ಷಡಕ್ಷರಪ್ಪನ ಮನೆ. ಹಳೆಯ ಪಟೇಲರ ಮನೆ. ಷಡಕ್ಷರಪ್ಪ ಜಗಲಿಯ ಮೇಲೆ ಪೇಪರು ಓದುತ್ತ ಕೂತಿದ್ದ. ಅವನು ತಲೆ ಎತ್ತಿಯೂ ನೋಡಲಿಲ್ಲ. ಅದೇ ಲತಾಮಣಿಯ ಎದೆಗೆ ಒದ್ದಂತಾದದ್ದು. ಗದರಿಸಿದ್ದರೆ ಒಂದು ಥರ, ಕಣ್ಣು ಕೆಂಪಗೆ ಮಾಡಿದ್ದರೆ ಒಂದು ಥರ. ಇವನು ನೋಡುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ಆ ಕಡೆ ಒಬ್ಬ ಮನುಷ್ಯ ತನ್ನ ಕಾಲನ್ನು ಬೇಯಿಸಿಕೊಂಡು ಮರ್ಯಾದೆ ಒಪ್ಪಿಸುತ್ತಿದ್ದಾನೆ, ಈ ಕಡೆ ಒಪ್ಪಿಸಿಕೊಳ್ಳಬೇಕಾದವನು ಅಡಿಕೆ ಧಾರಣೆ ಓದುತ್ತಿದ್ದಾನೆ.

ಚಿಕ್ಕವಳಿದ್ದಾಗ ಅವಳೂ ಈ ಬೀದಿಯಲ್ಲಿ ಚಪ್ಪಲಿಯನ್ನು ಪುಸ್ತಕದ ಚೀಲಕ್ಕೆ ಹಾಕಿಕೊಂಡು ನಡೆದವಳೇ. ಹೈಸ್ಕೂಲಿಗೆ ಸೇರಿದ ವರ್ಷ ಒಂದು ದಿನ ಬಿಚ್ಚದೆ ನಡೆದುಬಿಟ್ಟಿದ್ದಳು. ಯಾರೂ ಏನೂ ಅನ್ನಲಿಲ್ಲ. ಅಲ್ಲಿಗೆ ಆ ಪೀಡೆ ಮುಗಿಯಿತು ಅಂದುಕೊಂಡಿದ್ದಳು. ತನಗೆ ಮುಗಿದದ್ದು ಅಪ್ಪನಿಗೂ ಮುಗಿಯಿತಾ ಅಂತ ಈ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಕಾಲು ತಾನಾಗಿಯೇ ಜಗಲಿಯ ಮುಂದೆ ಹೋಗಿ ನಿಂತಿತು.

"ಓ, ಬಾಮ್ಮ ಲತಾಮಣಿ. ಆಫೀಸು ಬೇಗ ಮುಗೀತಾ?" ಷಡಕ್ಷರಪ್ಪ ನಕ್ಕ. ಮಾತು ಯಾವಾಗಲೂ ಬೆಣ್ಣೆ.

"ನಮ್ಮಪ್ಪ ದಿನಾ ಎರಡು ಸಲ ಇಲ್ಲಿ ಬರಿಗಾಲಲ್ಲಿ ಹೋಗ್ತಾನೆ. ನೀವು ನೋಡಿದ್ದೀರಾ?"

"ಅದಾ? ಜವರ ಮೊದ್ಲಿಂದ ಹಂಗೇ ಅಲ್ವಾ."

"ಅವನಿಗೆ ಸಕ್ಕರೆ ಕಾಯಿಲೆ. ಟಾರಿನ ಮೇಲೆ ನಡೆದು ಅಂಗಾಲು ಸುಟ್ಟುಹೋಗಿದೆ. ಸುಟ್ಟದ್ದು ಅವನಿಗೆ ಗೊತ್ತೂ ಆಗಲ್ಲ. ಇನ್ನೊಂದ್ಸಲ ಹಿಂಗಾದ್ರೆ ಕಾಲು ತೆಗೀಬೇಕಾಗುತ್ತೆ ಅಂತ ಡಾಕ್ಟರು ಹೇಳಿದ್ದಾರೆ."

"ಅಯ್ಯೋ ಪಾಪ." ಷಡಕ್ಷರಪ್ಪ ಪೇಪರು ಮಡಿಸಿದ. "ಆದ್ರೆ ನಾನೇನ್ ಬಿಚ್ಚು ಅಂದಿದ್ದೀನೇನಮ್ಮ? ಬೇಕಾದ್ರೆ ಅವನ್ನೇ ಕೇಳು. ಈ ಕಾಲದಾಗೆ ಯಾರ್ ಹಂಗಂತಾರೆ? ನಿಮ್ ಹುಡುಗ್ರು ಬೂಟ್ ಹಾಕ್ಕೊಂಡು ಬೈಕ್ನಾಗೆ ಹೋಗಲ್ವಾ? ನಾನ್ ಏನಾದ್ರೂ ಅಂದಿದ್ದೀನಾ?"

"ಅಂದಿಲ್ಲ. ಅದಕ್ಕೇ ಈಗ ಒಂದು ಮಾತು ಅನ್ನಿ. ಚಪ್ಪಲಿ ಹಾಕ್ಕೊಂಡೇ ಹೋಗೋ ಅಂತ. ನಾನು ಹೇಳಿದ್ರೆ ಕೇಳಲ್ಲ, ಡಾಕ್ಟರು ಹೇಳಿದ್ರೂ ಕೇಳಲ್ಲ. ನಿಮ್ಮ ಬಾಯಿಂದ ಬಂದ್ರೆ ಕೇಳ್ತಾನೆ."

ಷಡಕ್ಷರಪ್ಪ ಮಡಿಸಿದ ಪೇಪರನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವ ಹಾಗೆ ನಿಧಾನವಾಗಿ ಹೇಳಿದ: "ಅದು ಅವ್ನ್ ಕೊಡೋ ಗೌರವ ಕಣಮ್ಮ. ಹಿರೇರ ಕಾಲದಿಂದ ನಡ್ಕಂಡ್ ಬಂದದ್ದು. ಅವನಾಗೇ ಕೊಡ್ತಾನೆ, ನಾನ್ ಯಾಕ್ ಬ್ಯಾಡ ಅನ್ಲಿ? ನಿನ್ ಆಫೀಸ್ನಾಗೆ ಯಾರಾದ್ರೂ ಎದ್ದು ನಮಸ್ಕಾರ ಅಂದ್ರೆ, ಅನ್ಬ್ಯಾಡ ಅಂತೀಯಾ?"

ಲತಾಮಣಿಯ ಮೈ ಉರಿದುಹೋಯಿತು. ಅವನ ಮೇಲಿನ ಉರಿ ಅರ್ಧ, ತನ್ನ ಮೇಲಿನದು ಅರ್ಧ. ತಾನು ಇಷ್ಟು ಹೊತ್ತು ನಿಂತು ಕೇಳಿದ್ದು ಅಪ್ಪಣೆಯನ್ನು! ಸರ್ಕಾರದ ರಸ್ತೆಯಲ್ಲಿ, ತನ್ನ ಅಪ್ಪ ತನ್ನ ದುಡ್ಡಿನ ಚಪ್ಪಲಿ ಹಾಕಿಕೊಂಡು ನಡೆಯುವುದಕ್ಕೆ, ಬನಿಯನ್ನು ಹಾಕಿಕೊಂಡು ಕೂತ ಈ ಮನುಷ್ಯನ ಅಪ್ಪಣೆ!

"ಕೇಳಿದ್ದೇ ನನ್ನ ತಪ್ಪು" ಅಂದಳು. "ಸುಟ್ಟ ಕಾಲಿನ ವಾಸನೇನೂ ಗೌರವ ಅಂತ ಮೂಸ್ತೀರಲ್ಲ, ನೀವು ಎಂಥಾ ಜನ?"

ಅಷ್ಟರಲ್ಲಿ ಡೈರಿ ಕಡೆಯಿಂದ ಜವರಪ್ಪ ಕುಂಟುತ್ತ ಓಡಿಬಂದ. ಮಗಳ ದನಿ ಅಲ್ಲಿಗೂ ಕೇಳಿಸಿತ್ತು. "ಬುದ್ದೀ, ಹುಡ್ಗಿ ಏನೋ ಅಂದ್ಬುಟ್ಲು, ಹೊಟ್ಟೆಗಾಕ್ಕಳಿ" ಅಂತ ಕೈಮುಗಿದ. ಆ ಮುಗಿದ ಕೈಗಳ ನಡುವೆ ಚಪ್ಪಲಿ ನೇತಾಡುತ್ತಿದ್ದವು. ಅಷ್ಟು ಅವಸರದಲ್ಲೂ ಬಿಚ್ಚಿಕೊಂಡೇ ಬಂದಿದ್ದ.

ಮನೆಗೆ ಬಂದ ಮೇಲೆ ರಂಪವೋ ರಂಪ. ಲತಾಮಣಿ ಅಂಗಳದಲ್ಲೇ ನಿಂತು ಕೂಗಾಡಿದಳು. "ಬೆಂಕಿ ಗೊತ್ತಾಗದ ಕಾಲಿಗೆ ಪಟೇಲನ ಜಗಲಿ ಗೊತ್ತಾಯ್ತದಾ ನಿಂಗೆ? ಮೊಳೆ ಗೊತ್ತಾಗಲ್ಲ, ಅದು ಗೊತ್ತಾಯ್ತದಾ? ಮೂವತ್ತೊಂದು ವರ್ಷ ರಸ್ತೆ ಗ್ಯಾಂಗಿನಾಗೆ ದುಡಿದೋನು ನೀನು. ಆ ಬೀದಿಗೆ ಟಾರು ಹಾಕ್ದೋನೇ ನೀನು. ನೀನು ಹಾಕಿದ ರಸ್ತೇಲಿ ನೀನು ಚಪ್ಪಲಿ ಮೆಟ್ಟಂಗಿಲ್ವಾ?"

ಜವರಪ್ಪ ಕಂಬಕ್ಕೊರಗಿ ಕೂತಿದ್ದ. "ಹೆದರ್ಕೆ ಅಲ್ಲ ಕಣವ್ವ" ಅಂದ. "ಹೆದರ್ಕೆ ಎಲ್ಲ ಯಾವತ್ತೋ ಹೋಯ್ತು. ಆ ಹೊಂಗೆ ಮರ ಬಂದೇಟ್ಗೆ ಕೈ ತಾನೇ ಕೆಳಿಕ್ ಹೋಯ್ತದೆ. ನಾನ್ ಏನ್ ಮಾಡ್ಲಿ?"

"ನಿಮ್ಮಪ್ಪನ ಕತೆ ಹೇಳು ಅವಳಿಗೆ" ಅಂದಳು ಒಲೆಯ ಮುಂದಿದ್ದ ಮುತ್ತಮ್ಮ. ಅವನು ಹೇಳಲಿಲ್ಲ, ಅವಳೇ ಹೇಳಿದಳು. ಜವರಪ್ಪನ ಅಪ್ಪ ಒಂದು ಸಲ ಬೇಲೂರ ಸಂತೆಯಿಂದ ಹೊಸ ಮೆಟ್ಟು ತಂದು, ಹಾಕಿಕೊಂಡೇ ಮೇಲುಬೀದಿಗೆ ಬಂದಿದ್ದನಂತೆ. ಷಡಕ್ಷರಪ್ಪನ ಅಪ್ಪ ಆ ಮೆಟ್ಟನ್ನೇ ಅವನ ತಲೆಯ ಮೇಲೆ ಹೊರಿಸಿ ಊರು ಸುತ್ತಿಸಿದನಂತೆ. ಏಳು ವರ್ಷದ ಜವರಪ್ಪ ಅಳುತ್ತ ಹಿಂದೆ ಹಿಂದೆ ಹೋಗಿದ್ದನಂತೆ. ಲತಾಮಣಿಗೆ ಮೂವತ್ಮೂರು ವರ್ಷ, ಈ ಕತೆಯನ್ನು ಅವಳು ಕೇಳುತ್ತಿದ್ದುದು ಅದೇ ಮೊದಲು. ಕೂಗಾಟ ನಿಂತಿತು. ಕೋಪ ಮಾತ್ರ ನಿಲ್ಲಲಿಲ್ಲ, ಬೇರೆ ಕಡೆ ತಿರುಗಿಕೊಂಡಿತು.

ಅಷ್ಟರಲ್ಲಿ ಹೊತ್ತು ಮೀರಿತ್ತು. ಕಟ್ಟಿನೊಳಗೆ ಧೂಳು ಸೇರಿ ಗಾಯ ಕೀವಾಯಿತು, ಕೀವು ಮೂಳೆಗೆ ಇಳಿಯಿತು, ಪಾದ ಕಪ್ಪಾಯಿತು. ಡಾಕ್ಟರ್ ಕಾಂಚನಮಾಲಾ ತಾವೇ ಹಾಸನಕ್ಕೆ ಫೋನು ಮಾಡಿ ಕಳಿಸಿಕೊಟ್ಟರು. ಅಲ್ಲಿ ಮೊಣಕಾಲಿನ ಕೆಳಗೆ ತೆಗೆಯಲೇಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಅಂದರು. ಒಪ್ಪಿಗೆ ಕಾಗದಕ್ಕೆ ಲತಾಮಣಿಯೇ ರುಜು ಹಾಕಿದಳು. ಕಾರಣ ಅನ್ನುವ ಕಡೆ ಸಕ್ಕರೆ ಕಾಯಿಲೆ ಅಂತ ಬರೆದಿತ್ತು. ಅದು ಪೂರ್ತಿ ನಿಜವಲ್ಲ ಅಂತ ಅವಳಿಗೆ ಗೊತ್ತಿತ್ತು. ಆದರೆ ಉಳಿದದ್ದನ್ನು ಬರೆಯುವುದಕ್ಕೆ ಆ ಕಾಗದದಲ್ಲಿ ಜಾಗವಿರಲಿಲ್ಲ. ಜವರಪ್ಪ ಮನೆಗೆ ಬಂದ ದಿನ ಷಡಕ್ಷರಪ್ಪ ಆಳಿನ ಕೈಲಿ ಒಂದು ಬುಟ್ಟಿ ಸೇಬು ಕಳಿಸಿದ್ದ. ಲತಾಮಣಿ ಬುಟ್ಟಿಯನ್ನು ಮುಟ್ಟದೆ ಹಾಗೇ ವಾಪಸು ಕಳಿಸಿದಳು.

ಮಳೆಗಾಲ ಕಳೆದ ಮೇಲೆ ಅರಸೀಕೆರೆಯಲ್ಲಿ ಕೃತಕ ಕಾಲಿನ ಶಿಬಿರ ನಡೆಯಿತು. ದೇವರಾಜ್ ಎರಡು ದಿನ ರಜೆ ಹಾಕಿ ಮಾವನನ್ನು ಕರೆದೊಯ್ದು, ಅಳತೆ ಕೊಡಿಸಿ, ಕಾಲು ಹಾಕಿಸಿಕೊಂಡು ಬಂದ. ಅಲ್ಲಿಯವರು ಒಂದು ಮಾತನ್ನು ಎರಡೆರಡು ಸಲ ಹೇಳಿ ಕಳಿಸಿದ್ದರು. ಎರಡೂ ಕಡೆ ಒಂದೇ ಎತ್ತರದ ಚಪ್ಪಲಿ ಯಾವಾಗಲೂ ಇರಬೇಕು, ನಿಂತಲ್ಲಿ ಒಂದನ್ನು ತೆಗೆದರೂ ತೂಕ ತಪ್ಪಿ ಬೀಳುತ್ತಾರೆ. ಪುಟ್ಟರಾಜು ಹೊಸ ಜೊತೆ ಮಾಡಿಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.

ದೀಪಾವಳಿ ಮುಗಿದ ವಾರ ಜವರಪ್ಪ, "ಡೈರಿತಾವ್ ಒಸಿ ಹೋಗ್ಬತ್ತೀನಿ, ಜನದ ಮಖ ನೋಡಿ ಆರ್ ತಿಂಗ್ಳಾಯ್ತು" ಅಂದ. ಲತಾಮಣಿ ಒಂದು ಕೈಯಲ್ಲಿ ಕ್ಯಾನು ಹಿಡಿದು ಜೊತೆಗೆ ಹೊರಟಳು. ಕೋಲೂರಿಕೊಂಡು, ನಿಂತು ನಿಂತು, ಅಪ್ಪ ಹೊಂಗೆ ಮರದವರೆಗೆ ಬಂದ. ಅಲ್ಲಿ ನಿಂತುಬಿಟ್ಟ. ಅವಳು ಮರದ ಕಡೆ ನೋಡಲೇ ಇಲ್ಲ. ಬೇಡ ಅನ್ನುವುದನ್ನೆಲ್ಲ ಆರು ತಿಂಗಳಲ್ಲಿ ಅಂದು ಮುಗಿಸಿದ್ದಳು.

ಅವನ ಕೈ ಕೆಳಕ್ಕೆ ಹೋಯಿತು. ಎಡಗಾಲಿನ ಬಕಲ್ಲು ಮುಟ್ಟುವಷ್ಟರಲ್ಲಿ ಕೋಲು ಜಾರಿತು, ಮೈ ಒಂದು ಕಡೆ ವಾಲಿತು. ಲತಾಮಣಿ ಕ್ಯಾನು ಬಿಸಾಕಿ ಅವನ ಹೆಗಲು ಹಿಡಿದುಕೊಂಡಳು. ಹಾಲು ರಸ್ತೆಗೆ ಚೆಲ್ಲಿತು.

ಜಗಲಿಯ ಮೇಲಿಂದ ಷಡಕ್ಷರಪ್ಪ ಎದ್ದು ನಿಂತ. "ಏ ಜವರ, ಬ್ಯಾಡ ಬ್ಯಾಡ! ಬಿಚ್ಬ್ಯಾಡ ಕಣೋ. ಹಾಕ್ಕಂಡೇ ಬಾ. ಪರ್ವಾಗಿಲ್ಲ, ನಾನೇನೂ ಅಂದ್ಕಳಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು! ಲತಾಮಣಿ ಬಾಯಿ ತೆರೆದಳು. ಅಪ್ಪ ಅವಳ ಕೈಯನ್ನು ಗಟ್ಟಿಯಾಗಿ ಒತ್ತಿದ. ಮೆಲ್ಲಗೆ ನೆಟ್ಟಗಾದ, ಕೋಲು ಕೇಳಿ ತೆಗೆದುಕೊಂಡ, ಚಪ್ಪಲಿಯ ಕಾಲಲ್ಲೇ ನಡೆದು ಹೋಗಿ ಜಗಲಿಯ ನೇರಕ್ಕೆ ನಿಂತ. ತಲೆ ತಗ್ಗಿಸಲಿಲ್ಲ.

"ಷಡಕ್ಷರಪ್ಪನೋರೆ," ಅಂದ. ಬುದ್ದಿ ಅನ್ನಲಿಲ್ಲ. ಅವನ ಬಾಯಲ್ಲಿ ಆ ಹೆಸರನ್ನು ಲತಾಮಣಿ ಯಾವತ್ತೂ ಕೇಳಿರಲಿಲ್ಲ. "ಈಗ ಅಂದ್ರಲ್ಲ ಮಾತು, ಅದ್ನ ಅನ್ನಕ್ಕೆ ನಿಮ್ಗೆ ಒಂದ್ ಉಸ್ರು ಸಾಕಾಯ್ತು."

"ಏನ್ಲಾ ಅದು?"

"ಯುಗಾದೀಲಿ ನನ್ ಮಗ್ಳು ಬಂದು ಇದೇ ಮಾತ್ನ ಬೇಡಿದ್ಲು. ಅವತ್ತೂ ಒಂದ್ ಉಸ್ರೇ ಸಾಕಾಯ್ತಿತ್ತು. ಅವತ್ತು ನಂಗೆ ಎಲ್ಡು ಕಾಲಿದ್ದೊ."

ಜವರಪ್ಪ ಉತ್ತರಕ್ಕೆ ಕಾಯಲಿಲ್ಲ. ಮಗಳ ಹೆಗಲ ಮೇಲೆ ಕೈಯಿಟ್ಟು, ಉಳಿದ ಹೆಜ್ಜೆಗಳನ್ನು ನಡೆದ. ಡೈರಿಯವನಿಗೆ ಇವತ್ತು ಹಾಲಿಲ್ಲ ಅಂತ ಹೇಳಬೇಕಿತ್ತು.